ಎರಡು ಮೆಟ್ರೊ ಮಾರ್ಗ, ಎಂಟು ಶತಮಾನ: ದೆಹಲಿಯನ್ನು ನೋಡುವ ಬಗೆ

ನವದೆಹಲಿ: ರಾಜಧಾನಿಗೆ ಬರುವ ಪ್ರವಾಸಿಗರಲ್ಲಿ ಅನೇಕರು ದೆಹಲಿಯನ್ನು ನೋಡಿ ಮುಗಿಸುವುದು ಒಂದೇ ಹಗಲಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಕುತುಬ್ ಮಿನಾರ್, ಕಮಲ ಮಂದಿರ, ಇಂಡಿಯಾ ಗೇಟ್, ಕೆಂಪುಕೋಟೆ. ಮರುದಿನ ಆಗ್ರಾದ ಹಾದಿ. ಒಂದೊಂದು ಕಡೆಯೂ ಇಳಿದು, ಛಾಯಾಚಿತ್ರ ತೆಗೆಸಿಕೊಂಡು, ಮತ್ತೆ ಬಸ್ಸು ಹತ್ತುವಷ್ಟೇ ಕಾಲಾವಕಾಶ. ಊರಿಗೆ ಮರಳಿದ ಮೇಲೆ ಚಿತ್ರಗಳು ಉಳಿಯುತ್ತವೆ. ಯಾವುದು ಮೊದಲು, ಯಾವುದು ಆಮೇಲೆ, ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವೇನು ಎಂಬುದು ಉಳಿಯುವುದಿಲ್ಲ.

‘ಪ್ರಾಚೀನ ಹಾಗೂ ಆಧುನಿಕ ವಾಸ್ತುಶಿಲ್ಪದ ಸಂಗಮ’ ಎಂದು ದೆಹಲಿಯನ್ನು ಬಣ್ಣಿಸುವುದು ವಾಡಿಕೆ. ಮಾತು ಸುಳ್ಳಲ್ಲ, ಆದರೆ ಅಪೂರ್ಣ. ಹಳತು ಮತ್ತು ಹೊಸತು ಇಲ್ಲಿ ಅಕ್ಕಪಕ್ಕದಲ್ಲಿ ಸುಮ್ಮನೆ ನಿಂತಿಲ್ಲ. ಪ್ರತಿಯೊಂದು ಕಾಲವೂ ತನಗಿಂತ ಹಿಂದಿನದರ ಕಲ್ಲನ್ನು ಕಿತ್ತು ತಂದು, ಇಲ್ಲವೇ ಅದರ ಮಾದರಿಯನ್ನು ಎರವಲು ಪಡೆದು ತನ್ನದನ್ನು ಕಟ್ಟಿಕೊಂಡಿದೆ. ಏನನ್ನು ಉಳಿಸಬೇಕು, ಏನನ್ನು ಕೆಡವಬಹುದು, ಅದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಎಂಟು ಶತಮಾನಗಳ ಹಿಂದೆಯೂ ಇಲ್ಲಿತ್ತು, ಇಂದಿಗೂ ಇದೆ.

ಇದನ್ನು ಕಣ್ಣಾರೆ ಕಾಣಲು ದುಬಾರಿ ಏರ್ಪಾಡು ಬೇಕಿಲ್ಲ. 2002ರ ಡಿಸೆಂಬರ್‌ನಲ್ಲಿ ಸಂಚಾರ ಆರಂಭಿಸಿದ ದೆಹಲಿ ಮೆಟ್ರೊದ ಎರಡು ಮಾರ್ಗಗಳು ಸಾಕು. ದಕ್ಷಿಣದ ಕುತುಬ್‌ನಿಂದ ಉತ್ತರದ ಚಾಂದನಿ ಚೌಕದವರೆಗೆ ಹಳದಿ ಮಾರ್ಗ, ಅಲ್ಲಿಂದ ಮರಳಿ ದಕ್ಷಿಣಕ್ಕೆ ನೇರಳೆ ಮಾರ್ಗ. ಎರಡು ದಿನ ಮೀಸಲಿಟ್ಟರೆ ದೆಹಲಿಯ ಮುಖ್ಯ ಅಧ್ಯಾಯಗಳನ್ನು ಹೀಗೆ ಓದಿಕೊಳ್ಳಬಹುದು. ನಿಲ್ದಾಣಗಳು ಕಾಲಾನುಕ್ರಮದಲ್ಲಿ ಬರುವುದಿಲ್ಲ ಎಂಬುದನ್ನಷ್ಟೇ ನೆನಪಿನಲ್ಲಿಡಬೇಕು. ನಗರ ಬೆಳೆದದ್ದೂ ಹಾಗೆಯೇ.

ಕುತುಬ್: ಕಮಾನು ಕಲಿತ ಕತೆ

ಕುತುಬ್ ಮಿನಾರ್ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಸ್ಮಾರಕದ ಆವರಣ. ಕುತುಬುದ್ದೀನ್ ಐಬಕ್ 12ನೇ ಶತಮಾನದ ಕೊನೆಯಲ್ಲಿ ಆರಂಭಿಸಿದ ಈ ಮಿನಾರನ್ನು ಅವನ ಉತ್ತರಾಧಿಕಾರಿ ಇಲ್ತಮಿಶ್ ಮೇಲೆತ್ತಿದ. ಸಿಡಿಲು ಬಡಿದು ಹಾಳಾದ ಮೇಲ್ಭಾಗವನ್ನು 14ನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ದುರಸ್ತಿ ಮಾಡಿಸಿದ. ಎತ್ತರ 72.5 ಮೀಟರ್, ಒಳಗೆ 379 ಮೆಟ್ಟಿಲು. 1981ರಲ್ಲಿ ಒಳಗೆ ಕಾಲ್ತುಳಿತ ಸಂಭವಿಸಿ ಅನೇಕರು ಸತ್ತ ನಂತರ ಮೇಲೇರಲು ಅವಕಾಶವಿಲ್ಲ.

ಹೆಚ್ಚಿನವರು ಮಿನಾರನ್ನು ನೋಡಿ ಹಿಂದಿರುಗುತ್ತಾರೆ. ನಿಜವಾಗಿ ನಿಂತು ನೋಡಬೇಕಾದದ್ದು ಪಕ್ಕದ ಕುವ್ವತುಲ್ ಇಸ್ಲಾಂ ಮಸೀದಿಯ ಕಂಬಗಳನ್ನು. 27 ದೇವಾಲಯಗಳ ಸಾಮಗ್ರಿಯನ್ನು ಇದಕ್ಕೆ ಬಳಸಲಾಯಿತು ಎಂದು ಮಸೀದಿಯ ಪೂರ್ವದ್ವಾರದಲ್ಲಿರುವ ಪಾರ್ಸಿ ಶಾಸನವೇ ಹೇಳುತ್ತದೆ. ಗಂಟೆ, ಸರಪಳಿ, ಹೂಬಳ್ಳಿಗಳ ಕೆತ್ತನೆ ಇಂದಿಗೂ ಸ್ಪಷ್ಟವಾಗಿದೆ. ಕಂಬದ ಮೇಲೆ ಕಂಬವಿಟ್ಟು ಎತ್ತರ ಸರಿದೂಗಿಸಿದ ಜಾಗಗಳನ್ನೂ ಗುರುತಿಸಬಹುದು.

ಇನ್ನೊಂದು ಸೂಕ್ಷ್ಮವಿದೆ. ಮಸೀದಿಯ ಮುಂಭಾಗದ ಎತ್ತರದ ಕಮಾನುಗಳು ನೋಡಲು ಕಮಾನುಗಳೇ, ಕಟ್ಟಿದ ರೀತಿ ಮಾತ್ರ ಕಮಾನಿನದಲ್ಲ. ಕಂಬ, ತೊಲೆಗಳ ರಚನೆಯಲ್ಲಿ ಪಳಗಿದ್ದ ಸ್ಥಳೀಯ ಶಿಲ್ಪಿಗಳು ಕಲ್ಲುಗಳನ್ನು ಒಂದರ ಮೇಲೊಂದು ಸ್ವಲ್ಪ ಸ್ವಲ್ಪವೇ ಮುಂದೆ ಚಾಚಿ, ನಡುವೆ ಕೂಡಿಸಿದ್ದಾರೆ. ಬೆಣೆಯಾಕಾರದ ಕಲ್ಲುಗಳು ಒಂದನ್ನೊಂದು ಒತ್ತಿ ಭಾರ ಹೊರುವ ನಿಜವಾದ ಕಮಾನನ್ನು ಅದೇ ಆವರಣದ ಅಲಾಯಿ ದರ್ವಾಜಾದಲ್ಲಿ ಕಾಣಬಹುದು. ಅಲಾವುದ್ದೀನ್ ಖಿಲ್ಜಿ ಅದನ್ನು ಕಟ್ಟಿಸಿದ್ದು 1311ರಲ್ಲಿ. ಈ ಎರಡರ ನಡುವಿನ ಅಂತರ ಕೆಲವೇ ಹೆಜ್ಜೆ. ತಂತ್ರ ಕೈವಶವಾಗಲು ಹಿಡಿದದ್ದು ನೂರು ವರ್ಷಕ್ಕೂ ಹೆಚ್ಚು.

ಮಸೀದಿಯ ಅಂಗಳದಲ್ಲಿ ನಿಂತಿರುವ ಕಬ್ಬಿಣದ ಸ್ತಂಭ ಇವೆಲ್ಲಕ್ಕಿಂತ ಹಳೆಯದು. 7 ಮೀಟರ್‌ಗೂ ಹೆಚ್ಚು ಉದ್ದ, 6 ಟನ್‌ಗೂ ಹೆಚ್ಚು ತೂಕದ ಈ ಸ್ತಂಭದ ಸಂಸ್ಕೃತ ಶಾಸನ ‘ಚಂದ್ರ’ ಎಂಬ ಅರಸನನ್ನು ಹೊಗಳುತ್ತದೆ. ಅವನು ಗುಪ್ತ ವಂಶದ ಎರಡನೇ ಚಂದ್ರಗುಪ್ತ ಎಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಸುಮಾರು 1,600 ವರ್ಷಗಳಿಂದಲೂ ಇದಕ್ಕೆ ತುಕ್ಕು ಹಿಡಿಯದಿರಲು ಪವಾಡ ಕಾರಣವಲ್ಲ. ಇದ್ದಿಲಿನಲ್ಲಿ ಕರಗಿಸಿದ ಆ ಕಾಲದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದ ಮೇಲ್ಮೈಯಲ್ಲಿ ಉಂಟಾದ ತೆಳುವಾದ ಪದರವೇ ಒಳಗಿನ ಲೋಹವನ್ನು ಕಾಯುತ್ತಿದೆ ಎಂಬುದನ್ನು ಲೋಹವಿಜ್ಞಾನಿಗಳು ವಿವರಿಸಿದ್ದಾರೆ.

ಹೊರಡುವ ಮುನ್ನ ಹುಲ್ಲುಹಾಸಿನ ಮೇಲೆ ಒಂಟಿಯಾಗಿ ಕುಳಿತಿರುವ ಕಲ್ಲಿನ ಮಂಟಪವೊಂದನ್ನೂ ಗಮನಿಸಬೇಕು. ಬ್ರಿಟಿಷ್ ಎಂಜಿನಿಯರ್ ರಾಬರ್ಟ್ ಸ್ಮಿತ್ 1828ರಲ್ಲಿ ಮಿನಾರಿನ ತುದಿಗೆ ಕೂರಿಸಿದ ಮಂಟಪವಿದು. ಹೊಂದಾಣಿಕೆಯಾಗದ ಕಾರಣ 1848ರಲ್ಲಿ ಅದನ್ನು ಕೆಳಗಿಳಿಸಲಾಯಿತು. ಹಳತಕ್ಕೆ ಹೊಸತನ್ನು ಜೋಡಿಸುವಾಗ ಇರಬೇಕಾದ ಎಚ್ಚರಕ್ಕೆ ಇಷ್ಟು ಸರಳವಾದ ಪಾಠ ಬೇರೆಡೆ ಸಿಗಲಿಕ್ಕಿಲ್ಲ.

ಜೋರ್ ಬಾಗ್: ಒಬ್ಬರ ಗೋರಿಯ ಕಲ್ಲು ಇನ್ನೊಬ್ಬರಿಗೆ

ಹಳದಿ ಮಾರ್ಗದಲ್ಲಿ ಉತ್ತರಕ್ಕೆ ಹೊರಟರೆ ಜೋರ್ ಬಾಗ್ ನಿಲ್ದಾಣದ ಬಳಿ ಸಫ್ದರ್‌ಜಂಗ್ ಸಮಾಧಿ. ಅವಧದ ನವಾಬನಿಗಾಗಿ 1754ರಲ್ಲಿ ಕಟ್ಟಲಾದ ಇದು ದೆಹಲಿಯಲ್ಲಿ ಮೊಗಲ್ ಶೈಲಿಯ ಕೊನೆಯ ದೊಡ್ಡ ಉದ್ಯಾನ ಸಮಾಧಿ. ಇದರ ನಿರ್ಮಾಣಕ್ಕೆ ನಿಜಾಮುದ್ದೀನ್ ಬಳಿಯ ಅಬ್ದುಲ್ ರಹೀಂ ಖಾನ್‌ಖಾನಾನ ಸಮಾಧಿಯಿಂದ ಅಮೃತಶಿಲೆಯನ್ನು ಕಳಚಿ ತರಲಾಯಿತು. ದೋಹೆಗಳಿಂದ ಹೆಸರಾದ ಕವಿ ರಹೀಮನ ಸಮಾಧಿ ಆ ಬಳಿಕ ಎರಡೂವರೆ ಶತಮಾನ ಬೋಳಾಗಿಯೇ ನಿಂತಿತ್ತು. ಅದರ ಸಂರಕ್ಷಣಾ ಕಾರ್ಯ ಪೂರ್ಣಗೊಂಡದ್ದು 2020ರಲ್ಲಿ.

ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಲೋದಿ ಉದ್ಯಾನ. 15 ಹಾಗೂ 16ನೇ ಶತಮಾನದ ಸಮಾಧಿಗಳ ಸುತ್ತ 1936ರಲ್ಲಿ ಉದ್ಯಾನ ರೂಪುಗೊಂಡಿತು. 1968ರಲ್ಲಿ ಅದನ್ನು ಮರುವಿನ್ಯಾಸಗೊಳಿಸಿದವರಲ್ಲಿ ಒಬ್ಬರು ಜೋಸೆಫ್ ಅಲೆನ್ ಸ್ಟೀನ್. ಉದ್ಯಾನಕ್ಕೆ ತಾಗಿಕೊಂಡಿರುವ ಇಂಡಿಯಾ ಇಂಟರ್‌ನ್ಯಾಷನಲ್ ಸೆಂಟರ್ ಕೂಡ ಅವರದೇ ವಿನ್ಯಾಸ, ಆರಂಭವಾದದ್ದು 1962ರಲ್ಲಿ. ತಗ್ಗಾದ ಕಟ್ಟಡ, ಕಲ್ಲಿನ ಗೋಡೆ, ಜಾಲಂಧ್ರ. ಪಕ್ಕದ ಗುಮ್ಮಟಗಳೊಂದಿಗೆ ಎತ್ತರದಲ್ಲಿ ಪೈಪೋಟಿಗಿಳಿಯದೆ ಹೊಸ ಕಟ್ಟಡವೊಂದು ಹೇಗೆ ನಿಲ್ಲಬಹುದು ಎಂಬುದಕ್ಕೆ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇಂದಿಗೂ ಇಲ್ಲಿಗೆ ಬರುತ್ತಾರೆ.

ರಾಯಸೀನಾ: ಸಾಮ್ರಾಜ್ಯ ಹೋಯಿತು, ಕಟ್ಟಡ ಉಳಿಯಿತು

ಮುಂದಿನದು ಕೇಂದ್ರೀಯ ಸಚಿವಾಲಯ ನಿಲ್ದಾಣ. ರಾಜಧಾನಿಯನ್ನು ಕಲ್ಕತ್ತೆಯಿಂದ ದೆಹಲಿಗೆ ವರ್ಗಾಯಿಸುವ ನಿರ್ಧಾರವನ್ನು ಐದನೇ ಜಾರ್ಜ್ ದೊರೆ ಪ್ರಕಟಿಸಿದ್ದು 1911ರ ಡಿಸೆಂಬರ್ 12ರ ದರ್ಬಾರಿನಲ್ಲಿ. ಎಡ್ವಿನ್ ಲಟ್ಯೆನ್ಸ್ ಮತ್ತು ಹರ್ಬರ್ಟ್ ಬೇಕರ್ ರೂಪಿಸಿದ ನವದೆಹಲಿ ಉದ್ಘಾಟನೆಯಾದದ್ದು 1931ರಲ್ಲಿ. ಭಾರತೀಯ ವಾಸ್ತುಶಿಲ್ಪದ ಬಗ್ಗೆ ಲಟ್ಯೆನ್ಸ್‌ಗೆ ಗೌರವವೇನೂ ಇರಲಿಲ್ಲ. ಆದರೂ ವೈಸರಾಯ್ ಹಾರ್ಡಿಂಜ್ ಅವರ ಒತ್ತಾಯದಿಂದ ಚಾಚಿದ ಸೂರು, ಛತ್ರಿ, ಜಾಲಂಧ್ರಗಳು ಕಟ್ಟಡಗಳಿಗೆ ಬಂದವು. 340 ಕೊಠಡಿಗಳ ರಾಷ್ಟ್ರಪತಿ ಭವನದ ಗುಮ್ಮಟ ಸಾಂಚಿಯ ಸ್ತೂಪವನ್ನು ನೆನಪಿಸುತ್ತದೆ. ಬಿಸಿಲಿನ ನಾಡಿನಲ್ಲಿ ನೆರಳನ್ನು ಹೇಗೆ ಕಟ್ಟಬೇಕು ಎಂಬುದನ್ನು ಆಳುವವರು ಆಳಿಸಿಕೊಳ್ಳುವವರಿಂದಲೇ ಕಲಿಯಬೇಕಾಯಿತು.

ವಿಜಯ ಚೌಕದಲ್ಲಿ ನಿಂತು ರಾಷ್ಟ್ರಪತಿ ಭವನವನ್ನು ನೋಡಿದರೆ ಗುಮ್ಮಟವಷ್ಟೇ ಕಾಣುತ್ತದೆ, ಕಟ್ಟಡ ಇಳಿಜಾರಿನ ಹಿಂದೆ ಮರೆಯಾಗುತ್ತದೆ. ಇಕ್ಕೆಲದ ಸಚಿವಾಲಯಗಳನ್ನೂ ಭವನದಷ್ಟೇ ಎತ್ತರದ ನೆಲದಲ್ಲಿ ಕಟ್ಟಬೇಕೆಂಬ ಬೇಕರ್ ಅವರ ಯೋಜನೆಗೆ ಲಟ್ಯೆನ್ಸ್ ಮೊದಲು ಒಪ್ಪಿದ್ದರು. ಪರಿಣಾಮ ಅರಿವಾದಾಗ ತಡವಾಗಿತ್ತು. ಇಬ್ಬರ ಸ್ನೇಹ ಮುರಿದುಬಿದ್ದ ಈ ಇಳಿಜಾರನ್ನು ಪ್ರವಾಸಿಗರು ತಮ್ಮ ಕಾಲ್ನಡಿಗೆಯಲ್ಲೇ ಪರೀಕ್ಷಿಸಿ ನೋಡಬಹುದು.

1927ರಲ್ಲಿ ಉದ್ಘಾಟನೆಗೊಂಡ ವೃತ್ತಾಕಾರದ ಸಂಸತ್ ಭವನಕ್ಕೆ 144 ಕಂಬಗಳು. ಸಂವಿಧಾನ ರಚನಾ ಸಭೆ ಸೇರಿದ್ದು ಇಲ್ಲಿಯೇ. ಅದರ ಪಕ್ಕದಲ್ಲಿ ವಾಸ್ತುಶಿಲ್ಪಿ ಬಿಮಲ್ ಪಟೇಲ್ ವಿನ್ಯಾಸಗೊಳಿಸಿದ ತ್ರಿಕೋನಾಕಾರದ ಹೊಸ ಸಂಸತ್ ಭವನ 2023ರ ಮೇ 28ರಂದು ಉದ್ಘಾಟನೆಯಾಯಿತು. ಹೊಸ ಲೋಕಸಭೆಯಲ್ಲಿ 888, ರಾಜ್ಯಸಭೆಯಲ್ಲಿ 384 ಆಸನಗಳಿಗೆ ಸ್ಥಳವಿದೆ. ಅದೇ ವರ್ಷ ಹಳೆಯ ಕಟ್ಟಡಕ್ಕೆ ‘ಸಂವಿಧಾನ ಸದನ’ ಎಂದು ಹೆಸರಿಡಲಾಯಿತು.

ಕರ್ತವ್ಯ ಪಥದ ಇನ್ನೊಂದು ತುದಿಯಲ್ಲಿ ಇಂಡಿಯಾ ಗೇಟ್. ಅದರ ಹಿಂದಿನ ಕಲ್ಲಿನ ಮಂಟಪದಲ್ಲಿ 1936ರಿಂದ ಐದನೇ ಜಾರ್ಜ್ ದೊರೆಯ ಪ್ರತಿಮೆಯಿತ್ತು. 1968ರಲ್ಲಿ ಅದನ್ನು ತೆಗೆದು ನಗರದ ಉತ್ತರ ಅಂಚಿನ ದರ್ಬಾರು ಮೈದಾನಕ್ಕೆ ಸಾಗಿಸಲಾಯಿತು. ಅರ್ಧ ಶತಮಾನ ಖಾಲಿಯಾಗಿದ್ದ ಮಂಟಪದಲ್ಲಿ 2022ರ ಸೆಪ್ಟೆಂಬರ್‌ನಿಂದ 28 ಅಡಿ ಎತ್ತರದ ನೇತಾಜಿ ಸುಭಾಷ್‌ಚಂದ್ರ ಬೋಸ್ ಪ್ರತಿಮೆ ನಿಂತಿದೆ. ಈ ಕಪ್ಪುಶಿಲೆಯ ಪ್ರತಿಮೆ ಮೈಸೂರಿನ ಅರುಣ್ ಯೋಗಿರಾಜ್ ನೇತೃತ್ವದ ಶಿಲ್ಪಿಗಳ ಕೈಯಲ್ಲಿ ಮೂಡಿದ್ದೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಗೋಪುರಗಳ ನಡುವೆ ನೆರಳಿನ ಯಂತ್ರ

ಮತ್ತೆ ಮೆಟ್ರೊ ಹತ್ತಿ ಪಟೇಲ್ ಚೌಕ್ ಅಥವಾ ರಾಜೀವ್ ಚೌಕದಲ್ಲಿ ಇಳಿದರೆ ಜಂತರ್ ಮಂತರ್. ಜೈಪುರದ ಸವಾಯಿ ಜೈಸಿಂಗ್ 1724ರ ಸುಮಾರಿಗೆ ಕಟ್ಟಿಸಿದ ಈ ವೀಕ್ಷಣಾಲಯದಲ್ಲಿ ಗೋಡೆ, ಮೆಟ್ಟಿಲುಗಳೇ ಉಪಕರಣಗಳು. ಸಾಮ್ರಾಟ್ ಯಂತ್ರದ ನೆರಳು ಸರಿಯುವುದನ್ನು ಅಳೆದು ಹೊತ್ತು ತಿಳಿಯುವ ವ್ಯವಸ್ಥೆಯದು. ಈಗ ಸುತ್ತಲೂ ಎದ್ದಿರುವ ಎತ್ತರದ ಕಟ್ಟಡಗಳು ಆಕಾಶವನ್ನು ಕಿರಿದಾಗಿಸಿವೆ. ಕಲ್ಲಿಗೆ ಏನೂ ಆಗಿಲ್ಲ, ಆದರೆ ಅದು ಮಾಡುತ್ತಿದ್ದ ಕೆಲಸಕ್ಕೆ ಅಡ್ಡಿಯಾಗಿದೆ. ಸ್ಮಾರಕವೊಂದನ್ನು ಕೆಡವದೆಯೂ ಹಾಳುಗೆಡವಬಹುದು ಎಂಬುದಕ್ಕೆ ಇದು ನಿದರ್ಶನ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಕಚೇರಿ ಕಟ್ಟಡಗಳ ನಡುವೆ ಅಡಗಿರುವ ಅಗ್ರಸೇನ್ ಕಿ ಬಾವಲಿ ಎಂಬ ಮೆಟ್ಟಿಲುಬಾವಿಯನ್ನೂ ಬಿಡದೆ ನೋಡಬೇಕು.

ಚಾಂದನಿ ಚೌಕ್, ಕೆಂಪುಕೋಟೆ

ನೆಲದಡಿಯ ಹಾದಿಯಲ್ಲಿ ಸಾಗಿ ಚಾಂದನಿ ಚೌಕದಲ್ಲಿ ಮೇಲೆ ಬಂದರೆ 17ನೇ ಶತಮಾನದ ಷಾಜಹಾನಾಬಾದ್. ಷಾಜಹಾನನ ಮಗಳು ಜಹಾನಾರಾ ರೂಪಿಸಿದ ಈ ಬೀದಿಯ ನಡುವೆ ಒಂದು ಕಾಲದಲ್ಲಿ ಕಾಲುವೆ ಹರಿಯುತ್ತಿತ್ತು. ನವೀಕರಣದ ಬಳಿಕ 2021ರಲ್ಲಿ ಇಲ್ಲಿ ಹಗಲು ಹೊತ್ತು ಮೋಟಾರು ವಾಹನಗಳನ್ನು ನಿರ್ಬಂಧಿಸಲಾಯಿತು.

1639ರಲ್ಲಿ ಆರಂಭವಾಗಿ 1648ರಲ್ಲಿ ಪೂರ್ಣಗೊಂಡ ಕೆಂಪುಕೋಟೆಯ ಒಳಗೆ ಹೋದವರಿಗೆ ಅಚ್ಚರಿಯಾಗುವುದು ಅಲ್ಲಿನ ಬಯಲು. ಅರಮನೆಗಳು ಒತ್ತೊತ್ತಾಗಿ ಇದ್ದಿರಬೇಕಾದ ಕಡೆ ಹುಲ್ಲುಹಾಸು. ಅದರ ಪಕ್ಕದಲ್ಲಿ ಬೃಹತ್ ಸೇನಾ ವಸತಿಗೃಹಗಳು. 1857ರ ಬಂಡಾಯ ಹತ್ತಿಕ್ಕಿದ ಬಳಿಕ ಬ್ರಿಟಿಷರು ಒಳಗಿನ ಬಹುಪಾಲು ಕಟ್ಟಡಗಳನ್ನು ಕೆಡವಿ ಸೈನಿಕರಿಗೆ ಕಟ್ಟಿಸಿದ ವಸತಿಗಳಿವು. ಕೊನೆಯ ಮೊಗಲ್ ದೊರೆ ಬಹಾದೂರ್ ಷಾ ಜಫರನ ವಿಚಾರಣೆ ನಡೆದದ್ದೂ, 1945ರಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ ಆರಂಭವಾದದ್ದೂ ಈ ಕೋಟೆಯಲ್ಲೇ. ನೆಹರೂ ಇದರ ಮೇಲೆ ಮೊದಲ ಬಾರಿ ತ್ರಿವರ್ಣ ಧ್ವಜ ಹಾರಿಸಿದ್ದು 1947ರ ಆಗಸ್ಟ್ 16ರಂದು.

ನೇರಳೆ ಮಾರ್ಗ: ಅಶೋಕನಿಂದ ಕುಂಬ್ಳೆವರೆಗೆ

ಎರಡನೇ ದಿನದ ಪಯಣ ನೇರಳೆ ಮಾರ್ಗದಲ್ಲಿ. ದೆಹಲಿ ಗೇಟ್ ನಿಲ್ದಾಣದ ಬಳಿ ಫಿರೋಜ್ ಷಾ ಕೋಟ್ಲಾ ಇದೆ. ಪ್ರವಾಸಿ ಬಸ್ಸುಗಳು ಸಾಮಾನ್ಯವಾಗಿ ಇಲ್ಲಿ ನಿಲ್ಲುವುದಿಲ್ಲ. 1354ರಲ್ಲಿ ಈ ಕೋಟೆಯನ್ನು ಕಟ್ಟಿಸಿದ ಫಿರೋಜ್ ಷಾ, ಇಂದಿನ ಹರಿಯಾಣದ ತೋಪ್ರಾ ಎಂಬಲ್ಲಿಂದ ಅಶೋಕನ ಸ್ತಂಭವನ್ನು ತರಿಸಿ ಅರಮನೆಯ ಆವರಣದಲ್ಲಿ ನಿಲ್ಲಿಸಿದ. 42 ಚಕ್ರಗಳ ಬಂಡಿಯ ಮೇಲೇರಿಸಿ, ಯಮುನೆಯಲ್ಲಿ ದೋಣಿಗಳ ಮೂಲಕ ಅದನ್ನು ಸಾಗಿಸಿದ ಬಗೆಯನ್ನು ಅಂದಿನ ಚರಿತ್ರಕಾರ ಅಫೀಫ್ ವಿವರವಾಗಿ ಬರೆದಿಟ್ಟಿದ್ದಾನೆ. ಆ ಬರಹ ಓದಬಲ್ಲವರು ಆಗ ಯಾರೂ ಇರಲಿಲ್ಲ. ಜೇಮ್ಸ್ ಪ್ರಿನ್ಸೆಪ್ ಲಿಪಿಯನ್ನು ಬಿಡಿಸಿದ್ದು 1837ರಲ್ಲಿ.

ಕರ್ನಾಟಕಕ್ಕೂ ಈ ಸ್ತಂಭಕ್ಕೂ ಒಂದು ನಂಟಿದೆ. ಶಾಸನದಲ್ಲಿರುವುದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದು ಮಾತ್ರ. ಆ ಅರಸ ಅಶೋಕನೇ ಎಂಬುದನ್ನು ಖಚಿತಪಡಿಸಿದ್ದು, ಅಶೋಕನೆಂಬ ಹೆಸರನ್ನೇ ಹೊತ್ತು 1915ರಲ್ಲಿ ಬೆಳಕಿಗೆ ಬಂದ ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನ. ಕೋಟೆಗೆ ತಾಗಿಕೊಂಡಿರುವ ಕ್ರಿಕೆಟ್ ಮೈದಾನವಂತೂ ಕನ್ನಡಿಗರಿಗೆ ಚಿರಪರಿಚಿತ. 1999ರ ಫೆಬ್ರವರಿ 7ರಂದು ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್‌ಗಳಿಗೆ ಉರುಳಿಸಿದ್ದು ಇಲ್ಲಿಯೇ. ಇಂದಿಗೂ ಗುರುವಾರಗಳಂದು ಕೋಟೆಯ ಕತ್ತಲ ಕೋಣೆಗಳಲ್ಲಿ ಜನ ದೀಪ ಹಚ್ಚಿ, ತಮ್ಮ ಕಷ್ಟಗಳನ್ನು ಬರೆದ ಅರ್ಜಿಗಳನ್ನು ಜಿನ್ನರಿಗಾಗಿ ಇಟ್ಟು ಹೋಗುತ್ತಾರೆ. ಪಾಳುಬಿದ್ದ ಕೋಟೆ ಸತ್ತಿಲ್ಲ.

ಇದೇ ಮಾರ್ಗದ ಜವಾಹರಲಾಲ್ ನೆಹರು ಸ್ಟೇಡಿಯಂ ನಿಲ್ದಾಣದಲ್ಲಿ ಇಳಿದು ಆಟೊದಲ್ಲಿ ಹುಮಾಯೂನನ ಸಮಾಧಿಗೆ ಹೋಗಬಹುದು. 16ನೇ ಶತಮಾನದ ಈ ಉದ್ಯಾನ ಸಮಾಧಿ ತಾಜ್‌ಮಹಲಿಗೆ ಪೂರ್ವಸೂಚಿ ಎನಿಸಿಕೊಂಡಿದೆ. ಹಿಂದಿನ ದುರಸ್ತಿಗಳಲ್ಲಿ ಛಾವಣಿಗೆ ಸುರಿದಿದ್ದ ಸಿಮೆಂಟ್ ಕಾಂಕ್ರೀಟನ್ನು ಆಗಾ ಖಾನ್ ಟ್ರಸ್ಟ್ ಕೈಗೊಂಡ ಸಂರಕ್ಷಣೆಯ ವೇಳೆ ಕೆತ್ತಿ ತೆಗೆದು, ಮತ್ತೆ ಸುಣ್ಣದ ಗಾರೆ ಬಳಸಲಾಯಿತು. ಸುಣ್ಣದ ಗಾರೆ ಉಸಿರಾಡುತ್ತದೆ. ಸಿಮೆಂಟ್ ತೇವವನ್ನು ಒಳಗೇ ಹಿಡಿದಿಟ್ಟು ಕಲ್ಲನ್ನು ಕೆಡಿಸುತ್ತದೆ. ಸಮಾಧಿಯ ಬಳಿ 2024ರ ಜುಲೈನಲ್ಲಿ ಆರಂಭವಾದ ವಸ್ತುಸಂಗ್ರಹಾಲಯವನ್ನು ಮೆಟ್ಟಿಲುಬಾವಿಯ ಮಾದರಿಯಲ್ಲಿ ನೆಲಮಟ್ಟಕ್ಕಿಂತ ಕೆಳಗೆ ಕಟ್ಟಲಾಗಿದೆ. ಹಳತನ್ನು ಮರೆಮಾಡದೆ ಹೊಸತನ್ನು ಕಟ್ಟುವ ಇನ್ನೊಂದು ಉಪಾಯವಿದು.

ಕೊನೆಗೆ ಕಾಲ್ಕಾಜಿ ಮಂದಿರ ನಿಲ್ದಾಣದ ಬಳಿ ಬಹಾಯಿಗಳ ಕಮಲ ಮಂದಿರ. ಇರಾನ್ ಮೂಲದ ವಾಸ್ತುಶಿಲ್ಪಿ ಫರಿಬುರ್ಜ್ ಸಹಬಾ ರೂಪಿಸಿ, 1986ರಲ್ಲಿ ಲೋಕಾರ್ಪಣೆಗೊಂಡ ಈ ಕಟ್ಟಡದ 27 ದಳಗಳು ಕಾಂಕ್ರೀಟಿನವು. ಹೊರಮೈಗೆ ಗ್ರೀಸಿನಿಂದ ತಂದ ಅಮೃತಶಿಲೆಯ ಹೊದಿಕೆ.

ಎಷ್ಟು ಹಳತಾದರೆ ರಕ್ಷಣೆ?

ಇಷ್ಟೆಲ್ಲ ಉಳಿದಿರುವ ನಗರದಲ್ಲಿ ಉಳಿಯದೇ ಹೋದದ್ದರ ಕಡೆಗೂ ಗಮನ ಹರಿಸಬೇಕು. ಪುರಾನಾ ಕಿಲಾದ ಎದುರಿನ ಪ್ರಗತಿ ಮೈದಾನದಲ್ಲಿ ‘ಹಾಲ್ ಆಫ್ ನೇಷನ್ಸ್’ ಎಂಬ ಸಭಾಂಗಣವಿತ್ತು. ವಾಸ್ತುಶಿಲ್ಪಿ ರಾಜ್ ರೆವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ 1972ರಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷದಲ್ಲಿ ಅದನ್ನು ನಿರ್ಮಿಸಿದರು. ಇಂತಹ ರಚನೆಗೆ ಸಾಮಾನ್ಯವಾಗಿ ಬೇಕಾಗುವ ಉಕ್ಕು ದುಬಾರಿಯಾಗಿದ್ದ ದಿನಗಳವು. ಕಾರ್ಮಿಕರು ಸ್ಥಳದಲ್ಲೇ ಕಾಂಕ್ರೀಟನ್ನು ಎರಕ ಹೊಯ್ದು, ನಡುವೆ ಕಂಬಗಳಿಲ್ಲದ ವಿಶಾಲ ಸಭಾಂಗಣವನ್ನು ಎಬ್ಬಿಸಿದರು. ಜಗತ್ತಿನ ವಾಸ್ತುಶಿಲ್ಪ ವಲಯದ ಮೆಚ್ಚುಗೆ ಪಡೆದ ಆ ಕಟ್ಟಡವನ್ನು 2017ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ಕೆಡವಲಾಯಿತು. 60 ವರ್ಷ ತುಂಬದ ಕಟ್ಟಡವನ್ನು ಪಾರಂಪರಿಕವೆಂದು ಪರಿಗಣಿಸಲಾಗದು ಎಂಬುದು ದೆಹಲಿಯ ಪರಂಪರೆ ಸಂರಕ್ಷಣಾ ಸಮಿತಿಯ ನಿಲುವಾಗಿತ್ತು. ಕಟ್ಟಡಕ್ಕೆ ಆಗ ವಯಸ್ಸು 45. ಮೈದಾನದಲ್ಲಿ ಹೊಸದಾಗಿ ಎದ್ದ ಭಾರತ ಮಂಟಪ 2023ರಲ್ಲಿ ಉದ್ಘಾಟನೆಗೊಂಡು, ಅದೇ ವರ್ಷ ಜಿ-20 ಶೃಂಗಸಭೆಯ ಸ್ಥಳವಾಯಿತು.

ಕೇಂದ್ರದ 1958ರ ಕಾಯ್ದೆಯಂತೆ ಸಂರಕ್ಷಿತ ಸ್ಮಾರಕ ಎನಿಸಿಕೊಳ್ಳಲು ಕನಿಷ್ಠ 100 ವರ್ಷ ಹಳತಾಗಿರಬೇಕು. ಅಂತಹ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಗಿನ 200 ಮೀಟರ್‌ಗಳಲ್ಲಿ ಅನುಮತಿ ಕಡ್ಡಾಯ. ಇದನ್ನು 2010ರ ತಿದ್ದುಪಡಿ ಕಾಯ್ದೆಯಲ್ಲೇ ಸೇರಿಸಿತು. ಆದರೆ ಕಾಯ್ದೆಯೊಂದೇ ಸಾಲದು. ಪತ್ತೆಯಾಗದ ಕಾರಣ ಪಟ್ಟಿಯಿಂದ ಕೈಬಿಡಲು 2024ರಲ್ಲಿ ನಿರ್ಧರಿಸಲಾದ ದೇಶದ 18 ಸ್ಮಾರಕಗಳಲ್ಲಿ ರಾಜಧಾನಿಯವೂ ಇದ್ದವು. ಡಿಫೆನ್ಸ್ ಕಾಲೊನಿಯಲ್ಲಿ ಲೋದಿ ಕಾಲದ ಗುಮ್ಮಟವೊಂದು ದಶಕಗಳ ಕಾಲ ನಿವಾಸಿಗಳ ಸಂಘದ ಕಚೇರಿಯಾಗಿತ್ತು. ಅದರ ತೆರವಿಗೆ 2025ರಲ್ಲಿ ಸುಪ್ರೀಂ ಕೋರ್ಟ್ ಆದೇಶ ನೀಡಬೇಕಾಯಿತು. ಷಾಜಹಾನಾಬಾದ್ ಹಾಗೂ ನವದೆಹಲಿಯನ್ನು ವಿಶ್ವ ಪರಂಪರೆಯ ನಗರವೆಂದು ಯುನೆಸ್ಕೊ ಪಟ್ಟಿಗೆ ಸೇರಿಸುವ ಪ್ರಸ್ತಾವವನ್ನು ಕೇಂದ್ರ ಸರ್ಕಾರ 2015ರಲ್ಲಿ ಹಿಂದಕ್ಕೆ ಪಡೆಯಿತು. ಅಭಿವೃದ್ಧಿಗೆ ತೊಡಕಾದೀತು ಎಂಬುದು ಆಗಿನ ಆತಂಕ.

ವಾದ ಎರಡೂ ಕಡೆ ಇದೆ. ಕೋಟ್ಯಂತರ ಜನ ವಾಸಿಸುವ ನಗರ ವಸ್ತುಸಂಗ್ರಹಾಲಯವಾಗಿ ಉಳಿಯಲಾಗದು. ಮೆಟ್ರೊ ಬೇಕು, ಕಚೇರಿ ಬೇಕು, ಮನೆ ಬೇಕು. ಆದರೆ ನೂರು ವರ್ಷದ ಗೌರವ ಪಡೆಯಬೇಕಾದರೆ ಕಟ್ಟಡ ಮೊದಲು ನಲವತ್ತೈದನ್ನೂ ಅರವತ್ತನ್ನೂ ದಾಟಬೇಕಲ್ಲ? ಇಂದಿನ ಹೊಸತೇ ನಾಳಿನ ಹಳತು ಎಂಬುದನ್ನು ಮರೆತರೆ, ಮುಂದಿನ ಶತಮಾನದ ಪ್ರವಾಸಿಗನಿಗೆ ಸ್ವತಂತ್ರ ಭಾರತದ ಮೊದಲ ದಶಕಗಳ ಬಗ್ಗೆ ತೋರಿಸಲು ದೆಹಲಿಯಲ್ಲಿ ಹೆಚ್ಚೇನೂ ಇರಲಾರದು. ರಾಜಧಾನಿಗೆ ಬರುವವರು ಚಿತ್ರ ತೆಗೆದುಕೊಳ್ಳುವ ಮುನ್ನ ‘ಇದು ಯಾವುದರ ಕಲ್ಲು, ಇದಕ್ಕೂ ಮೊದಲು ಇಲ್ಲೇನಿತ್ತು?’ ಎಂದು ಕೇಳಿಕೊಂಡರೆ ಅಷ್ಟರಮಟ್ಟಿಗೆ ಪ್ರವಾಸ ಸಾರ್ಥಕ.

ಪ್ರವಾಸಿಗರ ಗಮನಕ್ಕೆ

ಅಕ್ಟೋಬರ್, ಫೆಬ್ರವರಿ ಹಾಗೂ ಮಾರ್ಚ್ ಭೇಟಿಗೆ ಸೂಕ್ತ ತಿಂಗಳುಗಳು. ನವೆಂಬರ್‌ನಿಂದ ಜನವರಿಯವರೆಗೆ ವಾಯುಮಾಲಿನ್ಯ ಹೆಚ್ಚು. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಮಂಜು ಮುಸುಕಿ ರೈಲು, ವಿಮಾನಗಳು ತಡವಾಗುವುದುಂಟು.

ಕೆಂಪುಕೋಟೆ ಮತ್ತು ಕಮಲ ಮಂದಿರಕ್ಕೆ ಸೋಮವಾರ ರಜೆ. ರಾಷ್ಟ್ರಪತಿ ಭವನದ ಭೇಟಿಗೆ ಅಂತರ್ಜಾಲದಲ್ಲಿ ಮುಂಗಡ ನೋಂದಣಿ ಅಗತ್ಯ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ.

ಎರಡೂ ದಿನ ನಡಿಗೆ ಹೆಚ್ಚು. ಒಳ್ಳೆಯ ಪಾದರಕ್ಷೆ, ಕುಡಿಯುವ ನೀರು ಜತೆಗಿರಲಿ. ಕುತುಬ್ ಆವರಣಕ್ಕೆ ಬೆಳಿಗ್ಗೆ ಬೇಗ ಹೋದರೆ ಜನಸಂದಣಿ ಕಡಿಮೆ. ಕಂಬಗಳ ಕೆತ್ತನೆಯನ್ನು ಎಳೆಬಿಸಿಲಿನಲ್ಲಿ ಸಾವಧಾನವಾಗಿ ನೋಡಬಹುದು.